ಅಪ್ಪನ ಮನೆಯ ಮೀಟರ್ ಓದುವವರು ಯಾರು?

ಒಂಟಿಯಾಗಿರುವ ತಂದೆಯ ಮನೆಯಲ್ಲಿ ಹಾಕಿಸಿದ ಕ್ಯಾಮೆರಾಗಳ ಜಗಳ ಹೊತ್ತು ಸಲಹೆಗೆಂದು ನನ್ನ ಬಳಿ ಬಂದ ಕುಟುಂಬವೊಂದರ ಪ್ರಕರಣ ಇದು. ಹೆಸರು, ಊರು, ಮಕ್ಕಳಿರುವ ಜಾಗ ಎಲ್ಲವನ್ನೂ ಬದಲಿಸಿದ್ದೇನೆ. ಹಿರಿಯರ ವೃತ್ತಿಯನ್ನು ಮಾತ್ರ ಅವರ ಒಪ್ಪಿಗೆ ಪಡೆದು ಹಾಗೆಯೇ ಉಳಿಸಿಕೊಂಡಿದ್ದೇನೆ, ದಾರಿ ಸಿಕ್ಕಿದ್ದೇ ಅದರಿಂದ. ಅವರನ್ನು ರಾಮಣ್ಣನವರು ಎನ್ನೋಣ. ವಯಸ್ಸು 78. ಮೈಸೂರಿನಲ್ಲಿ ಸ್ವಂತ ಮನೆ. ಕೆಇಬಿಯಲ್ಲಿ ಮೀಟರ್ ರೀಡರ್ ಆಗಿ ಸೇರಿ ಅಲ್ಲೇ ನಿವೃತ್ತರಾದವರು. ಕೆಇಬಿ ಹೋಗಿ ಕೆಪಿಟಿಸಿಎಲ್ ಬಂದು ಕಾಲು ಶತಮಾನ ಕಳೆದರೂ ಅವರ ಬಾಯಲ್ಲಿ ಅದು ಇಂದಿಗೂ ಕೆಇಬಿಯೇ. ಪತ್ನಿ ಇಲ್ಲ. ಮಗಳು ಬೆಂಗಳೂರಿನಲ್ಲಿ, ಮಗ ಕೆನಡಾದಲ್ಲಿ.

ಒಂದು ರಾತ್ರಿ ಬಚ್ಚಲಿಗೆ ಎದ್ದು ಹೋದವರು ಹೊಸ್ತಿಲ ಬಳಿ ಬಿದ್ದರು. ಮೂಳೆ ಮುರಿಯಲಿಲ್ಲ, ಆದರೆ ತಾವಾಗಿ ಏಳಲಾಗಲಿಲ್ಲ. ಬೆಳಿಗ್ಗೆ ಮನೆಕೆಲಸದವರು ಬಂದು ಬಾಗಿಲು ಬಡಿಯುವವರೆಗೆ ನೆಲದ ಮೇಲೇ ಇದ್ದರು. ಸುದ್ದಿ ತಿಳಿದ ಮಗ ಅಲ್ಲಿಂದಲೇ ಕ್ಯಾಮೆರಾಗಳನ್ನು ತರಿಸಿ ಬೀದಿ ಬಾಗಿಲು, ನಡುಮನೆ, ಅಡುಗೆಮನೆ, ಮಲಗುವ ಕೋಣೆಗಳಲ್ಲಿ ಹಾಕಿಸಿದ. ಅಪ್ಪ ಎರಡು ದಿನ ಸುಮ್ಮನಿದ್ದು, ಮೂರನೆಯ ದಿನ ಮಲಗುವ ಕೋಣೆಯ ಕ್ಯಾಮೆರಾದ ಮೇಲೆ ಒದ್ದೆ ಟವೆಲ್ ಹರವಿದರು. ಮಗ ಫೋನ್ ಮಾಡಿ ತೆಗೆಯಲು ಹೇಳಿದ. ಟವೆಲ್ ಇನ್ನೂ ಒಣಗಿಲ್ಲ ಎಂದರು. ಆ ಟವೆಲ್ ವಾರವಾದರೂ ಒಣಗಲಿಲ್ಲ.

ಮಗಳು ನನ್ನ ಬಳಿ ಬಂದದ್ದು ಆಗ. "ಅಪ್ಪನಿಗೆ ಹಟ. ನೀವೇ ಸ್ವಲ್ಪ ಬುದ್ಧಿ ಹೇಳಿ ಮೇಡಂ, ಇಲ್ಲವಾದರೆ ಬೆಂಗಳೂರಿಗೆ ಕರೆದುಕೊಂಡು ಹೋಗುತ್ತೇನೆ" ಎಂದರು. ಎಪ್ಪತ್ತೆಂಟರ ಮನುಷ್ಯನಿಗೆ ಬುದ್ಧಿ ಹೇಳಲು ನನ್ನನ್ನು ಕರೆಯುವವರು ಬಹಳ ಮಂದಿ. ಅವರಲ್ಲಿ ಹೆಚ್ಚಿನವರಿಗೆ ನಿಜವಾಗಿ ಬೇಕಿರುವುದು ತಮ್ಮ ಎದೆಯ ಭಾರ ಇಳಿಸಿಕೊಳ್ಳುವ ಒಂದು ಜಾಗ. ಈಕೆಯೂ ಹಾಗೆಯೇ. ಮಾತು ಮುಂದುವರಿದಂತೆ, "ಹೆತ್ತ ತಂದೆಯನ್ನು ಹೀಗೆ ಒಂಟಿಯಾಗಿ ಬಿಟ್ಟವರು ನಾವೊಬ್ಬರೇ" ಎಂದು ಅತ್ತರು. ಕೇಂದ್ರ ಸರ್ಕಾರ 2017–18ರಲ್ಲಿ ದೇಶದಾದ್ಯಂತ 72 ಸಾವಿರಕ್ಕೂ ಹೆಚ್ಚು ಜನರನ್ನು ಮಾತನಾಡಿಸಿ ನಡೆಸಿದ ವೃದ್ಧಾಪ್ಯದ ಸಮೀಕ್ಷೆಯ ವರದಿ ಯಾರು ಬೇಕಾದರೂ ಓದಬಹುದಾದದ್ದು. ಅದನ್ನು ತೆಗೆದು ತೋರಿಸಿದೆ. ಅರವತ್ತು ದಾಟಿದವರಲ್ಲಿ ನೂರಕ್ಕೆ ಸುಮಾರು ಆರು ಮಂದಿ ಒಬ್ಬರೇ ಇರುತ್ತಾರೆ, ಇಪ್ಪತ್ತು ಮಂದಿ ಗಂಡ ಹೆಂಡತಿ ಇಬ್ಬರೇ. ಅಂಕಿಯಿಂದ ಅಳು ನಿಲ್ಲುತ್ತದೆ ಎಂದು ನಾನು ಹೇಳುವುದಿಲ್ಲ. ಆದರೆ ತಮ್ಮ ಮನೆಯದು ಲೋಕದಲ್ಲಿಲ್ಲದ ಕಥೆಯಲ್ಲ ಎಂದು ತಿಳಿದ ಮೇಲೆ, "ಹಾಗಾದರೆ ಉಳಿದವರು ಏನು ಮಾಡುತ್ತಾರೆ?" ಎಂದು ಕೇಳುವಷ್ಟು ಸಾವರಿಸಿಕೊಂಡರು. ಕೆಲಸಕ್ಕೆ ಬರುವ ಪ್ರಶ್ನೆ ಅದು.

ರಾಮಣ್ಣನವರನ್ನು ಅವರ ಮನೆಯಲ್ಲೇ ಕಂಡೆ. ಮಗಳನ್ನು ಹೊರಗೆ ಕೂರಿಸಿದೆ. ಕ್ಯಾಮೆರಾ ಏಕೆ ಬೇಡ ಎಂದು ಕೇಳಿದ್ದಕ್ಕೆ ಅವರು ಕೊಟ್ಟ ಉತ್ತರ ಇದು: "ನೋಡಿ ತಾಯಿ, ಮೂವತ್ತು ವರ್ಷ ಬೇರೆಯವರ ಮನೆಯ ಮೀಟರ್ ಓದಿದೆ. ಗೇಟಿನ ಹೊರಗೆ ನಿಂತು ಅಂಕಿ ಬರೆದುಕೊಂಡೆನೇ ಹೊರತು ಒಬ್ಬರ ಮನೆಯ ಕೋಣೆಗೂ ಇಣುಕಲಿಲ್ಲ. ನನ್ನ ಮಗ ನಾನು ಪಂಚೆ ಬದಲಿಸುವುದನ್ನೂ ನೋಡುತ್ತಾನೆ." ಸ್ವಲ್ಪ ತಡೆದು, "ಬಿದ್ದದ್ದು ನಿಜ. ಮತ್ತೆ ಬೀಳಬಹುದು ಎನ್ನುವುದೂ ಗೊತ್ತು" ಎಂದೂ ಸೇರಿಸಿದರು.

ಅದನ್ನು ಹಟ ಎನ್ನಲಾಗುವುದಿಲ್ಲ. ಎಷ್ಟು ತಿಳಿದರೆ ಸಾಕು ಎಂಬ ಲೆಕ್ಕ ಅವರಿಗೆ ಮಕ್ಕಳಿಗಿಂತ ಚೆನ್ನಾಗಿ ಗೊತ್ತಿತ್ತು. ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಕಂಪನಿಗಳು ಒಪ್ಪಿಗೆ ಪಡೆಯುವ ಬಗೆಯನ್ನು ಹೇಳುತ್ತದೆ, ಆದರೆ ಮನೆಯೊಳಗಿನ ಸ್ವಂತ ಬಳಕೆಗೆ ಅದು ಅನ್ವಯಿಸುವುದಿಲ್ಲ. ಅಪ್ಪನನ್ನು ಮಗ ಎಷ್ಟು ನೋಡಬಹುದು ಎಂಬ ಕಟ್ಟಳೆಯನ್ನು ಮನೆಯವರೇ ಮಾಡಿಕೊಳ್ಳಬೇಕು.

ಯಂತ್ರದ ಮಾತಿಗೆ ಮೊದಲು ವೈದ್ಯರ ಬಳಿ ಕಳುಹಿಸಿದೆ. ಮಲಗಿದ್ದವರು ಎದ್ದು ನಿಂತಾಗ ರಕ್ತದೊತ್ತಡ ತಟ್ಟನೆ ಇಳಿಯುತ್ತಿತ್ತು. ವೈದ್ಯರು ಮಾತ್ರೆಗಳನ್ನು ಪರಿಶೀಲಿಸಿ ಬದಲಿಸಿದರು, ಎದ್ದ ಕೂಡಲೇ ನಡೆಯದೆ ಮಂಚದ ಅಂಚಿನಲ್ಲಿ ಸ್ವಲ್ಪ ಹೊತ್ತು ಕೂರಲು ಹೇಳಿದರು. ನೆನಪಿನ ಶಕ್ತಿಯ ಪರೀಕ್ಷೆಯಲ್ಲಿ ತೊಂದರೆಯೇನೂ ಕಾಣಲಿಲ್ಲ. ಬಚ್ಚಲಿಗೆ ಎರಡು ಹಿಡಿಕೆ, ಹೊಸ್ತಿಲ ಬಳಿ ರಾತ್ರಿದೀಪ, ಜಾರದ ಚಾಪೆ ಬಂದವು. ಕೋಣೆಯ ಕ್ಯಾಮೆರಾ ಬೀಳುವುದನ್ನು ತೋರಿಸುತ್ತದೆ, ಹಿಡಿಕೆ ಬೀಳದಂತೆ ತಡೆಯುತ್ತದೆ. ಮಕ್ಕಳು ಮೊದಲನೆಯದಕ್ಕೆ ಧಾರಾಳವಾಗಿ ಖರ್ಚು ಮಾಡಿ ಎರಡನೆಯದನ್ನು ಮರೆಯುವುದು ನಾನು ಪದೇ ಪದೇ ಕಾಣುವ ವಿಚಿತ್ರ. ಕ್ಯಾಮೆರಾವನ್ನು ದೂರದಿಂದ ತರಿಸಬಹುದು, ಹಿಡಿಕೆ ಹಾಕಿಸಲು ಗೋಡೆಯ ಮುಂದೆ ನಿಲ್ಲಬೇಕು. ಬಹುಶಃ ಅದೇ ಕಾರಣ.

ಆ ಮೇಲೆ ಮೂವರನ್ನೂ ಕೂರಿಸಿದೆ, ಮಗ ವೀಡಿಯೊ ಕರೆಯಲ್ಲಿ. ಒಂದೇ ಪ್ರಶ್ನೆ ಇಟ್ಟೆ: ದಿನಕ್ಕೆ ಯಾವ ಒಂದು ಸಂಗತಿ ತಿಳಿದರೆ ನಿಮಗೆ ನಿದ್ದೆ ಬರುತ್ತದೆ? ಮಗ ತುಂಬ ಹೊತ್ತು ಯೋಚಿಸಿ, "ಬೆಳಿಗ್ಗೆ ಅಪ್ಪ ಎದ್ದು ಓಡಾಡುತ್ತಿದ್ದಾರೆ ಎನ್ನುವುದು ಗೊತ್ತಾದರೆ ಸಾಕು" ಎಂದ. ಜಪಾನಿನಲ್ಲಿ 2001ರಿಂದಲೇ ಇಂಥದ್ದೊಂದು ಏರ್ಪಾಡಿದೆ ಎಂದೆ: ಜೋಜಿರುಶಿ ಕಂಪನಿಯ ಬಿಸಿನೀರಿನ ಪಾತ್ರೆ. ಒಂಟಿಯಾಗಿರುವ ಹಿರಿಯರು ಚಹಾಕ್ಕೆ ನೀರು ಬಗ್ಗಿಸಿಕೊಂಡಾಗಲೆಲ್ಲ ಅದು ಗುರುತಿಟ್ಟುಕೊಂಡು ಮನೆಯವರಿಗೆ ಸಂದೇಶ ಕಳುಹಿಸುತ್ತದೆ. ರಾಮಣ್ಣನವರ ಕಣ್ಣು ಅರಳಿತು. "ಅದಕ್ಕೆ ಜಪಾನಿನ ಪಾತ್ರೆ ಏಕೆ? ನನ್ನ ಕೆಟಲ್ 1500 ವ್ಯಾಟಿನದು. ಡಿಕಾಕ್ಷನ್‌ಗೆ ನೀರು ಕಾಯಿಸುವಾಗ ಕರೆಂಟ್ ಎಳೆದೇ ಎಳೆಯುತ್ತದೆ. ಅದನ್ನು ಅಳೆದರೆ ಆಯಿತಲ್ಲ" ಎಂದರು.

ಹಾಗೆ ಬಂದದ್ದು ಒಂದು ಸ್ಮಾರ್ಟ್ ಪ್ಲಗ್, ಎಳೆದ ಕರೆಂಟನ್ನು ಅಳೆದು ಮೊಬೈಲಿಗೆ ತಿಳಿಸುವಂಥದ್ದು. ಹದಿನಾರು ಆಂಪಿನದೇ ಆಗಬೇಕೆಂದು ಪಟ್ಟು ಹಿಡಿದು ತಾವೇ ಆರಿಸಿದರು. ಬೆಳಿಗ್ಗೆ ಎಂಟರೊಳಗೆ ಕೆಟಲ್ ಉರಿಯದಿದ್ದರೆ ಮಗಳ ಮೊಬೈಲಿಗೂ ಮಗನ ಮೊಬೈಲಿಗೂ ಸೂಚನೆ ಹೋಗುತ್ತದೆ. ಸೂಚನೆ ಬಂದ ಕೂಡಲೇ ಗಾಬರಿಯಾಗಬಾರದು. ಕರೆಂಟ್ ಹೋಗಿರಬಹುದು, ಇಂಟರ್ನೆಟ್ ಕೈಕೊಟ್ಟಿರಬಹುದು, ಅವರು ಹೋಟೆಲಿಗೆ ಕಾಫಿಗೆ ಹೋಗಿರಬಹುದು. ಆದ್ದರಿಂದ ಮೊದಲು ಅಪ್ಪನಿಗೆ ಫೋನ್, ಎತ್ತದಿದ್ದರೆ ಬೀಗದ ಕೈ ಇರುವ ಪಕ್ಕದ ಮನೆಯವರಿಗೆ, ಅವರು ಕಂಡದ್ದು ಗಂಭೀರವಾಗಿದ್ದರೆ 108 ಅಥವಾ 112. ಈ ಸರಣಿಯನ್ನು ಬರೆದು ಫ್ರಿಜ್ಜಿಗೆ ಅಂಟಿಸಿದರು. ಕೋಣೆಗಳ ಕ್ಯಾಮೆರಾಗಳು ಇಳಿದವು. ಬೀದಿ ಬಾಗಿಲಿನದು ಉಳಿಯಿತು, ಅದರ ಚಿತ್ರ ಮೊದಲು ಅಪ್ಪನ ಮೊಬೈಲಿಗೆ.

ರಾತ್ರಿಯ ಪ್ರಶ್ನೆ ಉಳಿಯಿತು. ಕೆಟಲ್ ಬೆಳಗಿನ ಮಾತನ್ನಷ್ಟೇ ಹೇಳಬಲ್ಲದು. ರಾತ್ರಿ ಮೊಬೈಲ್ ಕೊರಳಿನ ಚೀಲದಲ್ಲಿರಬೇಕು, ಪವರ್ ಗುಂಡಿಯನ್ನು ಐದು ಬಾರಿ ಒತ್ತಿದರೆ ತುರ್ತು ಕರೆ ಹೋಗುವಂತೆ ಹೊಂದಿಸಬೇಕು ಎಂದು ನಿರ್ಧಾರವಾಯಿತು. ನೆಲದ ಮೇಲೆ ಕುಳಿತು ಅದನ್ನು ಒತ್ತುವ ಅಭ್ಯಾಸವನ್ನೂ ಮಾಡಿಸಿದೆವು. ಕುರ್ಚಿಯಲ್ಲಿ ಕೂತು ಕಲಿತದ್ದು ಬಿದ್ದಾಗ ನೆನಪಾಗುವುದಿಲ್ಲ.

ಪಕ್ಕದ ಮನೆಯವರು ರೈಲ್ವೆಯಿಂದ ನಿವೃತ್ತರಾದವರು. ಬೀಗದ ಕೈ ಕೊಟ್ಟು ಅವರ ಹಂಗಿಗೆ ಬೀಳಲು ರಾಮಣ್ಣನವರಿಗೆ ಇಷ್ಟವಿರಲಿಲ್ಲ. ಆ ಪಕ್ಕದ ಮನೆಯ ಯಜಮಾನರು ಪ್ರತಿ ನವೆಂಬರಿನಲ್ಲಿ ಪಿಂಚಣಿಗಾಗಿ ಜೀವಿತ ಪ್ರಮಾಣಪತ್ರ ಕೊಡಲು ಬ್ಯಾಂಕಿನ ಸಾಲಿನಲ್ಲಿ ನಿಲ್ಲುತ್ತಿದ್ದರು. ಅದನ್ನು ಮುಖ ತೋರಿಸಿ ಮೊಬೈಲಿನಲ್ಲೇ ಮಾಡಬಹುದು, ಜೀವನ್ ಪ್ರಮಾಣ್‌ನಲ್ಲಿ ಆ ಸೌಲಭ್ಯ 2021ರಿಂದ ಇದೆ. ರಾಮಣ್ಣನವರು ಕಲಿತು ಅವರಿಗೆ ಮಾಡಿಕೊಟ್ಟರು. ಆ ಮೇಲೆ ಬೀಗದ ಕೈ ತಾನಾಗಿ ಹೋಯಿತು. ಹಿರಿಯರಿಗೆ ಬೇಕಾದ ಸಾರ್ವಜನಿಕ ಮಾಹಿತಿಯನ್ನು ಮಕ್ಕಳಿಗೆ ಕೊಡುವುದಕ್ಕಿಂತ ಹಿರಿಯರ ಕೈಗೇ ಕೊಡಿ ಎಂದು ನಾನು ಹೇಳುವುದು ಇದಕ್ಕೇ. ಹಿರಿಯರ ಸಹಾಯವಾಣಿ 14567, ಸೈಬರ್ ವಂಚನೆಯಾದರೆ 1930, ಮನಸ್ಸು ಕುಗ್ಗಿದರೆ ಟೆಲಿ ಮಾನಸ್ 14416, ಎಪ್ಪತ್ತು ದಾಟಿದವರ ಮನೆಗೇ ಬ್ಯಾಂಕಿನ ಸೇವೆ ಒದಗಿಸಬೇಕೆಂಬ ರಿಸರ್ವ್ ಬ್ಯಾಂಕಿನ 2017ರ ಸೂಚನೆ, ಇವೆಲ್ಲ ಮಗಳ ಮೊಬೈಲಿನಲ್ಲಿದ್ದು ಫಲವಿಲ್ಲ. ದೊಡ್ಡ ಅಕ್ಷರದಲ್ಲಿ ಬರೆದು ಅವರ ಡೈರಿಯ ಮೊದಲ ಪುಟಕ್ಕೆ ಸೇರಿಸಿದೆವು. ಸಹಾಯವಾಣಿ 14567 ಹಗಲು ಮಾತ್ರ ಎಂಬುದನ್ನೂ ಬರೆಸಿದೆ.

ಕಷ್ಟದ ಮಾತು ಕೊನೆಗೆ ಬಂತು. ಈಗ ಒಪ್ಪಿಗೆ ಕೊಡಲು, ನಿರಾಕರಿಸಲು ಅವರಿಗೆ ಶಕ್ತಿಯಿದೆ. ಮುಂದೆ ಮರೆವು ಆವರಿಸಿದರೆ? 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, ಚಿಕಿತ್ಸೆ ಹೇಗಿರಬೇಕೆಂದು ಮುಂಚಿತವಾಗಿ ಬರೆದಿಡುವ ಹಕ್ಕನ್ನು ಕೊಟ್ಟಿದೆ. ಮನೆಯ ಕ್ಯಾಮೆರಾಗಳಿಗೆ ಅದು ಸಂಬಂಧಿಸಿದ್ದಲ್ಲ, ಆದರೆ ಅದೇ ಬಗೆಯಲ್ಲಿ ಒಂದು ಪತ್ರ ಬರೆದಿಡಿ ಎಂದು ಸಲಹೆ ಕೊಟ್ಟೆ. ಅವರು ಮೀಟರ್ ಪುಸ್ತಕದ ದುಂಡು ಅಕ್ಷರದಲ್ಲಿ ಬರೆದರು: ನೆನಪು ಕೆಟ್ಟರೆ ನಡುಮನೆಯಲ್ಲಿ ಕ್ಯಾಮೆರಾ ಇಡಬಹುದು, ಮಲಗುವ ಕೋಣೆಯಲ್ಲೂ ಬಚ್ಚಲಿನಲ್ಲೂ ಎಂದಿಗೂ ಬೇಡ, ನೋಡುವ ಅಧಿಕಾರ ಮಗಳಿಗೆ. ನೆನಪು ಕೆಟ್ಟಿದೆ ಎಂದು ತೀರ್ಮಾನಿಸುವವರು ವೈದ್ಯರು, ಮಕ್ಕಳಲ್ಲ.

ಮಗಳು ಸಹಿ ಹಾಕಿದ್ದಾರೆ. ಮಗ ಇನ್ನೂ ಹಾಕಿಲ್ಲ, ನೋಡುವ ಅಧಿಕಾರ ಅಕ್ಕನಿಗೆ ಮಾತ್ರ ಏಕೆ ಎಂಬುದು ಅವನ ತಕರಾರು. ಡಿಸೆಂಬರಿನಲ್ಲಿ ಊರಿಗೆ ಬಂದಾಗ ಮತ್ತೆ ಕೂರುವುದೆಂದು ಆಗಿದೆ.