ಇಂಗ್ಲೆಂಡಿನ ಲೆಸ್ಟರ್‌ನ ಹಳೇ ಇಟ್ಟಿಗೆ ಮನೆಯ ಚಳಿ: ಹೊಸದಾಗಿ ಬಂದ ತೀರ್ಥಹಳ್ಳಿಯವರಿಗೆ

ನೀವು ಕೇಳಿದ್ದು ಇಷ್ಟು: ಬಾಡಿಗೆಗೆ ಹಿಡಿದ ಮನೆ ನೂರು ವರ್ಷಕ್ಕೂ ಹಳೆಯದು, ದಿನವಿಡೀ ಹೀಟಿಂಗ್ ಹಾಕಿದರೂ ಕಾಲು ತಣ್ಣಗೆ, ಬೆಳಗ್ಗೆ ಕಿಟಕಿ ಗಾಜಿನಿಂದ ನೀರಿಳಿಯುತ್ತದೆ, ಮಲಗುವ ಕೋಣೆಯ ಮೂಲೆಯಲ್ಲಿ ಕಪ್ಪು ಬೂಷ್ಟು. ಇನ್ನೆರಡು ಎಲೆಕ್ಟ್ರಿಕ್ ಹೀಟರ್ ತಂದರೆ ಸರಿಹೋಗುತ್ತದಾ?

ಹೀಟರ್ ಈಗಲೇ ತರಬೇಡಿ ಮಾರಾಯ್ರೆ. ಆ ದುಡ್ಡಿನಲ್ಲಿ ಐವತ್ತು ಪೌಂಡನ್ನು ಗಾಳಿ ತಡೆಯಲು ಹಾಕಿ. ಲೆಕ್ಕ ನೋಡಿ. ಇಲ್ಲಿ ಕರೆಂಟು ಯೂನಿಟ್‌ಗೆ ಸುಮಾರು 25 ಪೆನ್ಸ್, ಗ್ಯಾಸು 6 ಪೆನ್ಸ್ ಆಸುಪಾಸು. ದರ ಮೂರು ತಿಂಗಳಿಗೊಮ್ಮೆ ಬದಲಾಗುತ್ತದೆ, ಆದರೆ ಕರೆಂಟು ಗ್ಯಾಸಿನ ನಾಲ್ಕು ಪಟ್ಟು ಎನ್ನುವ ಅಂದಾಜು ಹೆಚ್ಚು ಕಮ್ಮಿ ಹಾಗೇ ಇರುತ್ತದೆ. ಎರಡು ಕಿಲೋವಾಟ್ ಹೀಟರು ದಿನಕ್ಕೆ ಐದು ಗಂಟೆ ಉರಿದರೆ ಹತ್ತು ಯೂನಿಟ್, ಅಂದರೆ ಎರಡೂವರೆ ಪೌಂಡ್, ತಿಂಗಳಿಗೆ 75. ಎಣ್ಣೆಯದಾಗಲಿ, ಫ್ಯಾನಿನದಾಗಲಿ, ಅಂಗಡಿಯವರು ಏನೇ ಹೇಳಲಿ, ಒಂದು ಯೂನಿಟ್ ಕರೆಂಟಿಗೆ ಸಿಗುವ ಶಾಖ ಅಷ್ಟೇ.

ನಿಮ್ಮ ಮನೆಯ ಗೋಡೆ ಒಂಬತ್ತು ಇಂಚಿನ ಗಟ್ಟಿ ಇಟ್ಟಿಗೆಯದು, ನಡುವೆ ಟೊಳ್ಳಿಲ್ಲ. ಕೆಳಗೆ ಮರದ ಹಲಗೆಯ ನೆಲ, ಅದರಡಿ ಗಾಳಿಯಾಡುವ ಖಾಲಿ ಜಾಗ. ಬಿಸಿಯಾದ ಗಾಳಿ ಮೇಲೇರಿ ಅಟ್ಟದ ಬಾಗಿಲಿನ ಸಂದಿಯಿಂದ ಹೊರಬೀಳುತ್ತದೆ. ಹೊರಬಿದ್ದಷ್ಟೇ ಪ್ರಮಾಣದ ತಣ್ಣನೆಯ ಗಾಳಿಯನ್ನು ನೆಲದ ಬಿರುಕು, ಬಾಗಿಲಡಿಯಿಂದ ಒಳಗೆಳೆಯುತ್ತದೆ. ಕಾಲು ತಣ್ಣಗಾಗುವುದಕ್ಕೆ ಇದೇ ಕಾರಣ. ನಮ್ಮ ಕಡೆಯ ಹಂಚಿನ ಮನೆಯಲ್ಲಿ ಹಂಚಿನ ಸಂದಿಯಲ್ಲಿ ಗಾಳಿಯಾಡಿದರೆ ಒಳ್ಳೆಯದೇ, ಒಲೆಯ ಹೊಗೆ ಹೋಗಬೇಕು, ಅಡಿಕೆ ಒಣಗಬೇಕು. ಇಲ್ಲಿ ಅದೇ ಸಂದಿ ನಿಮ್ಮ ಗ್ಯಾಸ್ ಬಿಲ್ಲು.

ಮೊದಲು ಗಾಳಿ ಎಲ್ಲಿ ನುಸುಳುತ್ತದೆ ಎಂದು ಹುಡುಕಿ. ಗಾಳಿ ಜೋರಾಗಿರುವ ದಿನ ಕಿಟಕಿ ಬಾಗಿಲು ಮುಚ್ಚಿ, ಬಚ್ಚಲಿನ ಫ್ಯಾನು ಹಾಕಿ, ಊದುಬತ್ತಿ ಹಚ್ಚಿಕೊಂಡು ನಿಧಾನಕ್ಕೆ ಓಡಾಡಿ. ಪರದೆಯಿಂದ ದೂರವಿರಿ. ಹೊಗೆ ಅಡ್ಡಡ್ಡ ಹಾರುವ ಕಡೆಯೆಲ್ಲ ಪೆನ್ಸಿಲ್ ಗುರುತು ಹಾಕಿ: ಮುಂಬಾಗಿಲಿನ ಅಡಿ, ಲೆಟರ್‌ಬಾಕ್ಸ್, ಬೀಗದ ಕಿಂಡಿ, ಸ್ಯಾಶ್ ಕಿಟಕಿಯ (ಮೇಲೆ ಕೆಳಗೆ ಜಾರಿಸಿ ತೆರೆಯುವಂಥದ್ದು) ನಡುಪಟ್ಟಿ, ಗೋಡೆಯಂಚಿನ ಮರದ ಪಟ್ಟಿ, ಸಿಂಕಿನ ಕೆಳಗೆ ಪೈಪು ಹೊರಹೋಗುವ ತೂತು, ಅಟ್ಟದ ಬಾಗಿಲು. ಸಿಂಕಿನಡಿಯ ತೂತನ್ನು ಬಹಳ ಜನ ನೋಡುವುದೇ ಇಲ್ಲ. ಕೆಲವು ಮನೆಗಳಲ್ಲಿ ಅಲ್ಲಿ ಕೈ ತೂರುವಷ್ಟು ಜಾಗ ಇರುತ್ತದೆ.

ಮುಂಬಾಗಿಲಿನಿಂದ ಶುರು ಮಾಡಿ. ಪಕ್ಕ ಮತ್ತು ಮೇಲಿನ ಸಂದಿಗೆ ಅಂಟುವ ರಬ್ಬರ್ ಪಟ್ಟಿ ಸಿಗುತ್ತದೆ. ಮೂರು ಮಿಲಿಮೀಟರ್‌ವರೆಗಿನ ಸಂದಿಗೆ ‘ಇ’ ಆಕಾರದ್ದು, ಐದರವರೆಗೆ ‘ಪಿ’ ಆಕಾರದ್ದು. ಅಗ್ಗದ ಬಿಳಿ ಸ್ಪಂಜಿನ ಪಟ್ಟಿ ಒಂದೇ ಚಳಿಗಾಲದಲ್ಲಿ ಚಪ್ಪಟೆಯಾಗಿ ಸಾಯುತ್ತದೆ, ಬೇಡ. ಪಟ್ಟಿಯನ್ನು ಚೌಕಟ್ಟಿಗೆ, ಬಾಗಿಲು ಮುಚ್ಚಿದಾಗ ಬಂದು ಒತ್ತುವ ಜಾಗಕ್ಕೆ ಅಂಟಿಸಿ. ದಪ್ಪದ್ದು ಹಾಕಿದರೆ ಇನ್ನೂ ಒಳ್ಳೆಯದು ಅಂತ ಹೊರಟರೆ ಬಾಗಿಲು ಬೀಗಕ್ಕೆ ಕೂರುವುದಿಲ್ಲ, ಕೀಲು ಜಗ್ಗುತ್ತದೆ. ಅಂಟಿಸುವ ಮೊದಲು ಮರವನ್ನು ಸ್ಪಿರಿಟ್‌ನಲ್ಲಿ ಒರೆಸಿ, ಹೇರ್ ಡ್ರೈಯರ್‌ನಿಂದ ಸ್ವಲ್ಪ ಬೆಚ್ಚಗೆ ಮಾಡಿ. ಹತ್ತು ಡಿಗ್ರಿಗಿಂತ ತಣ್ಣಗಿರುವ, ತೇವದ ಮರಕ್ಕೆ ಅಂಟು ಹಿಡಿಯುವುದಿಲ್ಲ. ಬಾಗಿಲಡಿಗೆ ಬ್ರಷ್ ಇರುವ ಅಲ್ಯೂಮಿನಿಯಂ ಪಟ್ಟಿ: ಬಾಗಿಲಿನ ಅಗಲಕ್ಕಿಂತ ಎರಡು ಮಿಲಿಮೀಟರ್ ಕಮ್ಮಿಗೆ ಲೋಹ ಕೊಯ್ಯುವ ಗರಗಸದಲ್ಲಿ ಕೊಯ್ದು, ಕೂದಲು ನೆಲಕ್ಕೆ ತಾಗಿಯೂ ತಾಗದ ಹಾಗೆ ಒಳಬದಿಗೆ ಸ್ಕ್ರೂ ಹಾಕಿ. ಸ್ಕ್ರೂ ಹಾಕಲು ಮನೆಯೊಡೆಯರು ಒಪ್ಪದಿದ್ದರೆ ಹಳೇ ಪಂಚೆಯನ್ನು ಉದ್ದಕ್ಕೆ ಹೊಲಿದು ಚಿಂದಿ ತುಂಬಿ ಅಡ್ಡ ಇಡಿ, ಸಾಕು. ಲೆಟರ್‌ಬಾಕ್ಸಿಗೆ ಒಳಗಿನ ಬ್ರಷ್ ಮುಚ್ಚಳ ಹತ್ತು ಪೌಂಡಿನೊಳಗೆ.

ಸ್ಯಾಶ್ ಕಿಟಕಿ ಗಡಗಡ ಅಲ್ಲಾಡುತ್ತಿದ್ದರೆ ನಡುಪಟ್ಟಿಯ ಚಿಲಕ ಎರಡೂ ಚೌಕಟ್ಟನ್ನು ಬಿಗಿಯಾಗಿ ಎಳೆದು ಹಿಡಿಯುತ್ತಿಲ್ಲ ಎಂದರ್ಥ. ಚಿಲಕದ ಸ್ಕ್ರೂ ಸರಿಸಿ ಬಿಗಿ ಮಾಡಿದರೆ ಅರ್ಧ ಗಾಳಿ ನಿಲ್ಲುತ್ತದೆ, ಖರ್ಚಿಲ್ಲ. ಕಿಟಕಿ ಜಾರುವ ಪಕ್ಕದ ಕೊರಕಲಿಗೆ ಬ್ರಷ್ ಪಟ್ಟಿ, ಕೆಳಂಚಿಗೆ ರಬ್ಬರ್. ಆಮೇಲೆ ಗಾಜಿಗೆ ಪ್ಲಾಸ್ಟಿಕ್ ಹಾಳೆ. ಹತ್ತು ಹದಿನೈದು ಪೌಂಡಿನ ಪೊಟ್ಟಣದಲ್ಲಿ ಎರಡು ಬದಿ ಅಂಟುವ ಟೇಪು, ತೆಳ್ಳಗಿನ ಹಾಳೆ ಇರುತ್ತವೆ. ಒಣ ದಿನ ಗಾಜು, ಚೌಕಟ್ಟು ಪೂರ್ತಿ ಒಣಗಿಸಿ, ಚೌಕಟ್ಟಿನ ಸುತ್ತ ಟೇಪು ಹಾಕಿ, ಹಾಳೆಯನ್ನು ಎರಡು ಮೂರು ಸೆಂಟಿಮೀಟರ್ ದೊಡ್ಡದಾಗಿ ಕತ್ತರಿಸಿ ಮೇಲಿನಿಂದ ಒತ್ತುತ್ತಾ ಬನ್ನಿ. ಸುಕ್ಕಿರಲಿ, ಪರವಾಗಿಲ್ಲ, ಹೇರ್ ಡ್ರೈಯರ್ ಬಿಸಿಗಾಳಿಗೆ ಹಾಳೆ ಕುಗ್ಗಿ ಡೋಲಿನ ಚರ್ಮದ ಹಾಗೆ ಬಿಗಿಯುತ್ತದೆ. ಡ್ರೈಯರ್ ಒಂದೇ ಕಡೆ ಹಿಡಿದರೆ ತೂತು ಬೀಳುತ್ತದೆ. ಒಳಗೆ ತೇವ ಬಿಟ್ಟು ಮುಚ್ಚಿದರೆ ಅದು ಮಾರ್ಚ್‌ವರೆಗೆ ಅಲ್ಲೇ ಕೂತು ಮರ ಕೊಳೆಸುತ್ತದೆ. ತೆಗೆಯುವಾಗಲೂ ಟೇಪು ಬಿಸಿ ಮಾಡಿ, ಇಲ್ಲವಾದರೆ ಬಣ್ಣ ಕಿತ್ತು ಬಂದು ಠೇವಣಿಗೆ ಕತ್ತರಿ. ಪ್ರತಿ ಕೋಣೆಯಲ್ಲೂ ತೆರೆಯಲು ಬರುವ ಒಂದು ಕಿಟಕಿಯನ್ನು ಹಾಗೇ ಬಿಡಿ: ಗಾಳಿಗೂ ಬೇಕು, ಬೆಂಕಿ ಬಿದ್ದರೆ ಹೊರಬರಲೂ ಬೇಕು.

ನೆಲದ ಹಲಗೆ ಸಂದಿಗೆ ದಪ್ಪ ಜಮಖಾನ, ಅದರಡಿ ಫೆಲ್ಟ್ ಹಾಸು. ಗೋಡೆಯಂಚಿನ ಪಟ್ಟಿಯ ಬಿರುಕಿಗೆ ಮನೆಯೊಡೆಯರನ್ನು ಕೇಳಿ ಅಕ್ರಿಲಿಕ್ ಕಾಕ್ (ಸಂದಿ ಮುಚ್ಚುವ ಲೇಪ) ತುಂಬಿ, ಎರಡು ಪೌಂಡಿನ ಟ್ಯೂಬು. ಹಳೇ ಬೆಂಕಿಗೂಡಿದ್ದರೆ, ಅದರಲ್ಲಿ ಗ್ಯಾಸ್ ಫೈರ್ ಇಲ್ಲ, ಯಾರೂ ಉರಿ ಹಾಕುವುದಿಲ್ಲ ಎಂದು ಖಾತ್ರಿಯಾದ ಮೇಲೆ ಹೊಗೆಕೊಳವೆಗೆ ಉಣ್ಣೆಯ ತಡೆ ಸಿಕ್ಕಿಸಿ. ಇಪ್ಪತ್ತು ಮೂವತ್ತು ಪೌಂಡು. ಅದು ಸ್ವಲ್ಪ ಉಸಿರಾಡಲು ಬಿಡುತ್ತದೆ, ಪ್ಲಾಸ್ಟಿಕ್ ಚೀಲ ತುರುಕಿದರೆ ಕೊಳವೆಯೊಳಗೆ ತೇವ ಕಟ್ಟುತ್ತದೆ. ಮುಂದಿನ ಬಾಡಿಗೆಯವರು ತಿಳಿಯದೆ ಬೆಂಕಿ ಹಾಕದ ಹಾಗೆ ಕೆಳಗೆ ಒಂದು ಚೀಟಿ ನೇತುಹಾಕಿ.

ಮುಚ್ಚಬಾರದ್ದೂ ಇದೆ. ಹೊರಗೋಡೆಯಲ್ಲಿ ನೆಲಕ್ಕೆ ಹತ್ತಿರ ತೂತು ತೂತಾದ ಇಟ್ಟಿಗೆ ಕಾಣುತ್ತದಲ್ಲ, ಏರ್‌ಬ್ರಿಕ್, ಅದನ್ನು ಮುಟ್ಟಬೇಡಿ. ಮುಚ್ಚಿದರೆ ನೆಲದಡಿಯ ತೊಲೆ ಕೊಳೆಯುತ್ತದೆ. ಗ್ಯಾಸ್ ಫೈರ್, ಸೌದೆ ಒಲೆ ಇರುವ ಕೋಣೆಯ ಗಾಳಿಕಿಂಡಿ ಮುಚ್ಚಿದರೆ ಕಾರ್ಬನ್ ಮೊನಾಕ್ಸೈಡ್ ತುಂಬಿ ಜೀವವೇ ಹೋಗಬಹುದು. ವಾಸನೆ ಇಲ್ಲ, ತಲೆನೋವು, ವಾಕರಿಕೆ ಅಷ್ಟೇ. ಊರಿನ ಅಗ್ಗಿಷ್ಟಿಕೆ ನೆನಪಾಗಿ ಇದ್ದಿಲು ಕೆಂಡ ಒಳಗಿಡುವ ಯೋಚನೆಯನ್ನಂತೂ ಮಾಡಲೇಬೇಡಿ. ಇಂಗ್ಲೆಂಡಿನಲ್ಲಿ 2022ರ ಅಕ್ಟೋಬರ್ 1ರಿಂದ, ಬಾಯ್ಲರ್ (ಗ್ಯಾಸಿನಲ್ಲಿ ನೀರು ಕಾಯಿಸುವ ಯಂತ್ರ) ಇರುವ ವಾಸದ ಕೋಣೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಅಲಾರಂ ಹಾಕಿಸುವುದು ಮನೆಯೊಡೆಯರ ಹೊಣೆ. ಗ್ಯಾಸ್ ತಪಾಸಣೆಯ ಪತ್ರವನ್ನೂ ಅವರು ವರ್ಷಕ್ಕೊಮ್ಮೆ ಮಾಡಿಸಿ ನಿಮಗೆ ಕೊಡಬೇಕು. ಕೇಳಿ ತೆಗೆದುಕೊಳ್ಳಿ, ಸಂಕೋಚ ಬೇಡ.

ಇನ್ನು ಬಾಯ್ಲರ್. ಅದರ ಮುಖದ ಮೇಲೆ ಎರಡು ಗುಂಡಿ ಇರುತ್ತವೆ, ಒಂದಕ್ಕೆ ನಲ್ಲಿಯ ಚಿತ್ರ, ಇನ್ನೊಂದಕ್ಕೆ ರೇಡಿಯೇಟರ್ (ಬಿಸಿನೀರು ಹರಿದು ಕೋಣೆ ಬಿಸಿ ಮಾಡುವ ಗೋಡೆಯ ಲೋಹದ ಹಲಗೆ) ಚಿತ್ರ. ರೇಡಿಯೇಟರ್‌ನದು ಸಾಮಾನ್ಯವಾಗಿ 70–80 ಡಿಗ್ರಿಯಲ್ಲಿರುತ್ತದೆ. ಅದನ್ನು 60ಕ್ಕೆ ಇಳಿಸಿ. ಈಗಿನ ಕಂಡೆನ್ಸಿಂಗ್ ಬಾಯ್ಲರ್‌ಗೆ ವಾಪಸ್ ಬರುವ ನೀರು 55ಕ್ಕಿಂತ ತಣ್ಣಗಿದ್ದರೆ ಮಾತ್ರ ಹೊಗೆಯ ಆವಿಯಲ್ಲಿನ ಶಾಖವನ್ನು ಹಿಡಿಯಲು ಬರುತ್ತದೆ. ಇಲ್ಲವಾದರೆ ಅದು ಗೋಡೆಯಾಚೆ ಬಿಳಿ ಮೋಡವಾಗಿ ಹೋಗುತ್ತದೆ. ಮನೆ ಬಿಸಿಯಾಗಲು ನಿಧಾನ, ಆದ್ದರಿಂದ ಟೈಮರ್ ಅರ್ಧ ಗಂಟೆ ಮುಂಚೆ ಇಡಿ. ಮನೆಯಲ್ಲಿ ಬಿಸಿನೀರಿನ ದೊಡ್ಡ ಸಿಲಿಂಡರ್ ಇದ್ದರೆ ಈ ಗುಂಡಿ ಇಳಿಸಬೇಡಿ: ಅದರ ನೀರು 60ರಲ್ಲೇ ಇರಬೇಕು, ಬಾಯ್ಲರನ್ನೇ 60ಕ್ಕೆ ಇಳಿಸಿದರೆ ಅಷ್ಟು ಬಿಸಿ ಮುಟ್ಟುವುದಿಲ್ಲ, ಕಮ್ಮಿಯಾದರೆ ಲೀಜನೆಲ್ಲಾ ಬ್ಯಾಕ್ಟೀರಿಯಾ ಬೆಳೆಯುತ್ತದೆ.

ಗೋಡೆಯ ಥರ್ಮೋಸ್ಟಾಟ್ 25ಕ್ಕೆ ತಿರುಗಿಸಿದರೆ ಬೇಗ ಬಿಸಿಯಾಗುವುದಿಲ್ಲ, ನಿಲ್ಲುವುದು ತಡವಾಗುತ್ತದೆ ಅಷ್ಟೇ. 18ರಿಂದ 19 ಇಡಿ. 18 ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಕನಿಷ್ಠ. ಮಗು, ವಯಸ್ಸಾದವರು ಇದ್ದರೆ ಇನ್ನೊಂದೆರಡು ಡಿಗ್ರಿ ಹೆಚ್ಚು. ಥರ್ಮೋಸ್ಟಾಟ್ ಇರುವ ಕೋಣೆಯ ರೇಡಿಯೇಟರ್ ವಾಲ್ವ್ ಪೂರ್ತಿ ತೆರೆದಿರಲಿ, ಬೇರೆ ಕಡೆ ವಾಲ್ವಿನ ಮೇಲಿನ ಅಂಕಿ 3, ಮಲಗುವ ಕೋಣೆಗೆ 2. ಆ ವಾಲ್ವ್ ತನ್ನ ಸುತ್ತಲಿನ ಗಾಳಿಯ ಬಿಸಿ ನೋಡಿ ಮುಚ್ಚುವಂಥದ್ದು, ಪರದೆಯೋ ಸೋಫಾವೋ ಮುಚ್ಚಿದ್ದರೆ ಕೋಣೆ ಬಿಸಿಯಾಯಿತು ಅಂತ ತಪ್ಪು ತಿಳಿಯುತ್ತದೆ. ಬಳಸದ ಕೋಣೆಯನ್ನು ಪೂರ್ತಿ ಆರಿಸಬೇಡಿ, ಬೂಷ್ಟು ಮೊದಲು ಹಿಡಿಯುವುದು ಅಲ್ಲೇ. ದಿನವಿಡೀ ಹಾಕಿಟ್ಟರೆ ಅಗ್ಗ ಎಂದು ಯಾರಾದರೂ ಹೇಳುತ್ತಾರೆ, ಇಂಥ ಸೋರುವ ಮನೆಯಲ್ಲಿ ಅದು ಸುಳ್ಳು.

ರೇಡಿಯೇಟರ್ ಮೇಲ್ಭಾಗ ತಣ್ಣಗೆ, ಕೆಳಗೆ ಬಿಸಿ ಇದ್ದರೆ ಒಳಗೆ ಗಾಳಿ. ಹೀಟಿಂಗ್ ಆರಿಸಿ, ತಣ್ಣಗಾದ ಮೇಲೆ ಮೂಲೆಯ ಚೌಕ ತಿರುಪನ್ನು ಒಂದು ಪೌಂಡಿನ ಕೀಲಿಯಿಂದ ಅರ್ಧ ಸುತ್ತು ಎಡಕ್ಕೆ ತಿರುಗಿಸಿ, ಬಟ್ಟೆ ಹಿಡಿದಿರಿ. ಬುಸ್ ಶಬ್ದ ನಿಂತು ನೀರು ಬಂದ ತಕ್ಷಣ ಮುಚ್ಚಿ. ಬಾಯ್ಲರ್ ಒತ್ತಡ 1ರಿಂದ 1.5 ಬಾರ್ ಇದೆಯಾ ನೋಡಿ, ಇಳಿದಿದ್ದರೆ ಕೆಳಗಿನ ತುಂಬುವ ನಲ್ಲಿಯಿಂದ ಏರಿಸಿ. ಕೆಳಭಾಗದ ನಡುವೆ ತಣ್ಣಗಿದ್ದರೆ ಅದು ಕೆಸರು, ಮನೆಯೊಡೆಯರ ತಲೆನೋವು.

ಈಗ ಬೂಷ್ಟು. ಮಲೆನಾಡಿನವರಿಗೆ ತೇವ ಹೊಸತಲ್ಲ, ಆದರೆ ಆ ಅಭ್ಯಾಸವೇ ಇಲ್ಲಿ ದಾರಿ ತಪ್ಪಿಸುತ್ತದೆ. ಆಗುಂಬೆಯಲ್ಲಿ ಆಷಾಢದ ಮಳೆಗೆ ಕಿಟಕಿ ತೆರೆದರೆ ತೇವ ಒಳಗೆ ಬರುತ್ತದೆ, ಏಕೆಂದರೆ ಹೊರಗೂ ಒಳಗೂ ಬಿಸಿ ಹೆಚ್ಚು ಕಮ್ಮಿ ಒಂದೇ, ಹೊರಗಿನ ಗಾಳಿ ನೀರು ತುಂಬಿಕೊಂಡಿರುತ್ತದೆ. ಲೆಸ್ಟರ್‌ನಲ್ಲಿ ಜನವರಿಯ ಮಳೆಯಲ್ಲಿ ಕಿಟಕಿ ತೆರೆದರೆ ಮನೆ ಒಣಗುತ್ತದೆ. ಐದು ಡಿಗ್ರಿಯ ಗಾಳಿ ಪೂರ್ತಿ ತುಂಬಿದರೂ ಘನ ಮೀಟರಿಗೆ ಸುಮಾರು ಏಳು ಗ್ರಾಂ ನೀರನ್ನಷ್ಟೇ ಹಿಡಿಯುತ್ತದೆ. ಇಪ್ಪತ್ತು ಡಿಗ್ರಿಯ ಗಾಳಿ ಹದಿನೇಳು ಗ್ರಾಂ ಹಿಡಿಯಬಲ್ಲದು. ಹೊರಗಿನದು ಒಳಬಂದು ಬಿಸಿಯಾದ ಕೂಡಲೇ ಒಣ ಗಾಳಿ. ಹಾಗಾಗಿ ಮಳೆ ಬರಲಿ ಬಿಡಲಿ, ಬೆಳಗ್ಗೆ ಎದ್ದ ಮೇಲೆ, ಸಂಜೆ ಅಡುಗೆಯಾದ ಮೇಲೆ ಎದುರುಬದುರು ಕಿಟಕಿ ಪೂರ್ತಿ ತೆರೆದು ಐದರಿಂದ ಹತ್ತು ನಿಮಿಷ ಬಿಡಿ, ಮುಚ್ಚಿ. ಗಾಳಿ ಬದಲಾಗುತ್ತದೆ, ಗೋಡೆಯ ಶಾಖ ಉಳಿಯುತ್ತದೆ. ಇಡೀ ದಿನ ಒಂದು ಇಂಚು ತೆರೆದಿಟ್ಟರೆ ಎರಡೂ ಕೆಡುತ್ತವೆ: ಗಾಳಿ ಸರಿಯಾಗಿ ಬದಲಾಗುವುದಿಲ್ಲ, ಗೋಡೆಯೂ ತಣ್ಣಗಾಗುತ್ತದೆ.

ಗಾಜಿನ ಮೇಲಿನ ನೀರು ನಿಮ್ಮದೇ. ನಾಲ್ವರ ಮನೆಯಲ್ಲಿ ಉಸಿರು, ಸ್ನಾನ, ಅಡುಗೆ ಸೇರಿ ದಿನಕ್ಕೆ ಹತ್ತು ಲೀಟರ್ ಆಸುಪಾಸು ಗಾಳಿಗೆ ಸೇರುತ್ತದೆ; ಒಳಗೆ ಹರವಿದ ಒಂದು ಮೆಷಿನ್ ಬಟ್ಟೆಯಿಂದಲೇ ಎರಡು ಲೀಟರ್. ನಮ್ಮ ಅಡುಗೆ ಹಬೆಯದು: ಕಡುಬು, ಪತ್ರೊಡೆ, ಕುಚ್ಚಲಕ್ಕಿ ಗಂಜಿ. ಮುಚ್ಚಳ ಹಾಕಿ, ಅಡುಗೆಮನೆಯ ಬಾಗಿಲು ಮುಚ್ಚಿ, ಫ್ಯಾನ್ ಹಾಕಿ, ಮುಗಿದ ಮೇಲೂ ಕಾಲು ಗಂಟೆ ಓಡಲಿ. ಒಲೆಯ ಮೇಲಿನ ಹುಡ್ ನಿಜವಾಗಿಯೂ ಹೊರಗೆ ಬಿಡುತ್ತದಾ ನೋಡಿಕೊಳ್ಳಿ. ಎಷ್ಟೋ ಮನೆಯಲ್ಲಿ ಅದು ಇದ್ದಿಲು ಫಿಲ್ಟರಿನಲ್ಲಿ ಸೋಸಿ ಹಬೆಯನ್ನು ಮತ್ತೆ ಮುಖಕ್ಕೇ ಊದುತ್ತದೆ. ಬಚ್ಚಲ ಒಲೆಯ ಮೇಲೆ ಬಟ್ಟೆ ಒಣಗಿಸಿದ ಹಾಗೆ ರೇಡಿಯೇಟರ್ ಮೇಲೆ ಹರವಬೇಡಿ. ಒಂದು ಸಣ್ಣ ಕೋಣೆಯಲ್ಲಿ ಬಾಗಿಲು ಮುಚ್ಚಿ ಡಿಹ್ಯೂಮಿಡಿಫೈಯರ್ (ಗಾಳಿಯ ತೇವ ಹೀರುವ ಯಂತ್ರ) ಜತೆ ಒಣಗಿಸಿ. 150 ಪೌಂಡಿನ ಯಂತ್ರ ಸುಮಾರು 200 ವಾಟ್ ತಿನ್ನುತ್ತದೆ, ಆ ಶಾಖವೂ ಕೋಣೆಯಲ್ಲೇ ಉಳಿಯುತ್ತದೆ. ದೊಡ್ಡ ಖರ್ಚು ಒಂದೇ ಮಾಡುವುದಾದರೆ ಇದನ್ನು ಮಾಡಿ. ಹತ್ತು ಪೌಂಡಿನ ತೇವಮಾಪಕದಲ್ಲಿ ಶೇ. 60ರೊಳಗೆ ಇರಲಿ. ಬೀರು, ಮಂಚವನ್ನು ಹೊರಗೋಡೆಯಿಂದ ಹತ್ತು ಸೆಂಟಿಮೀಟರ್ ಸರಿಸಿ. ಈಗಿರುವ ಬೂಷ್ಟನ್ನು ಒಣಬ್ರಷ್‌ನಲ್ಲಿ ಉಜ್ಜಬೇಡಿ, ಅದರ ಬೀಜಕಣ ಗಾಳಿಗೆ ಹಾರುತ್ತದೆ. ಮಾಸ್ಕ್ ಹಾಕಿ, ಬೂಷ್ಟು ತೆಗೆಯುವ ದ್ರಾವಣ ಸಿಂಪಡಿಸಿ ಒರೆಸಿ. ಬ್ಲೀಚ್ ಜತೆ ಬೇರೆ ಯಾವ ಕ್ಲೀನರೂ ಸೇರದಿರಲಿ.

ಉಳಿದದ್ದು ಮೈ ಬೆಚ್ಚಗಿಡುವುದು. ಎಲೆಕ್ಟ್ರಿಕ್ ಹಾಸು ನೂರು ವಾಟ್, ಮಲಗುವ ಮುಂಚೆ ಎರಡು ಗಂಟೆಗೆ ಐದು ಪೆನ್ಸ್. ಕಂಬಳಿ ಹೊತ್ತು ತರಬೇಡಿ, ಸೂಟ್‌ಕೇಸಿನ ತೂಕಕ್ಕೆ ಅಪ್ಪೆಮಿಡಿ ಉಪ್ಪಿನಕಾಯಿ ತನ್ನಿ.

ಅಟ್ಟದ ಮೇಲೆ 270 ಮಿಲಿಮೀಟರ್ ದಪ್ಪದ ಖನಿಜ ಉಣ್ಣೆಯ (ಮಿನರಲ್ ವೂಲ್) ಹಾಸು ಇರಬೇಕು ಎನ್ನುವುದು ಇಲ್ಲಿನ ಲೆಕ್ಕ. ಇಲ್ಲದಿದ್ದರೆ ಹಾಕಿಸಲು ಮನೆಯೊಡೆಯರಿಗೆ ಬರೆಯಿರಿ. ವಿನಾಯಿತಿ ಇಲ್ಲದ ಬಾಡಿಗೆ ಮನೆಯ ಇಂಧನ ದಕ್ಷತೆಯ ದರ್ಜೆ (‘ಎ’ ಅತ್ಯುತ್ತಮ, ‘ಜಿ’ ಕಡೆಯದು) ಕನಿಷ್ಠ ‘ಇ’ ಇರಬೇಕು; ಸರ್ಕಾರದ ಜಾಲತಾಣದಲ್ಲಿ ವಿಳಾಸ ಹಾಕಿ ನೋಡಬಹುದು. ಮೊದಲೇ ಹಣ ತುಂಬಿ ಬಳಸುವ (ಪ್ರಿಪೇಮೆಂಟ್) ಮೀಟರ್ ಇದ್ದರೆ ಬೇಸಿಗೆಯಲ್ಲಿ ಗ್ಯಾಸ್ ಬಳಸದಿದ್ದರೂ ದಿನದ ಸ್ಥಿರ ಶುಲ್ಕ ಏರುತ್ತಲೇ ಇರುತ್ತದೆ, ಅಕ್ಟೋಬರಿನಲ್ಲಿ ಹಾಕಿದ ಮೊದಲ ಹಣವನ್ನು ಅದೇ ನುಂಗುತ್ತದೆ. ತಿಂಗಳಿಗಿಷ್ಟು ಹಾಕುತ್ತಿರಿ.

ಮೈನಸ್ ಮೂರು ನಾಲ್ಕರ ರಾತ್ರಿ ಬಾಯ್ಲರ್ ಗುಳುಗುಳು ಎಂದು ನಿಂತುಹೋದರೆ ಕೆಟ್ಟಿದೆ ಅಂತ ಗಾಬರಿ ಬೇಡ. ಅದರಿಂದ ಹೊರಗಿನ ಮೋರಿಗೆ ಇಳಿಯುವ ಸಣ್ಣ ಪ್ಲಾಸ್ಟಿಕ್ ಪೈಪು ಹೆಪ್ಪುಗಟ್ಟಿರುತ್ತದೆ. ಕೈಗೆಟುಕುವ ಕಡೆ ಉಗುರುಬೆಚ್ಚಗಿನ ನೀರು ಹೊಯ್ಯಿರಿ, ಕುದಿನೀರು ಹೊಯ್ದರೆ ಪೈಪು ಸೀಳುತ್ತದೆ. ಕರಗಿದ ಮೇಲೆ ರೀಸೆಟ್ ಗುಂಡಿ ಒತ್ತಿ. ಆಮೇಲೆ ಆ ಪೈಪಿಗೆ ಫೋಮ್ ತೋಳು ತೊಡಿಸಿ, ಮೀಟರಿಗೆ ಎರಡು ಮೂರು ಪೌಂಡು, ಹೊರಗೆ ಬಳಸುವ ದಪ್ಪದ್ದೇ ಕೇಳಿ.