ಲಾಭ ಲೆಕ್ಕದಲ್ಲಿದೆ, ಹಣ ಎಲ್ಲಿದೆ?

ಓದುಗರ ಪ್ರಶ್ನೆ, ನಮ್ಮ ಉತ್ತರ: ಸಣ್ಣ ಉದ್ದಿಮೆಗಳ ಲೆಕ್ಕಪತ್ರ

ಪ್ರಶ್ನೆ: ಮನೆಯಲ್ಲಿಯೇ ಮಿಡಿ ಉಪ್ಪಿನಕಾಯಿ ಮತ್ತು ಹಲಸಿನ ಹಪ್ಪಳ ತಯಾರಿಸಿ ಹುಬ್ಬಳ್ಳಿ, ಬೆಂಗಳೂರಿನ ಅಂಗಡಿಗಳಿಗೆ ಕೊಡುತ್ತೇನೆ. ಮಾರ್ಚ್ 31ಕ್ಕೆ ಮುಗಿದ ವರ್ಷದಲ್ಲಿ 2,40,000 ರೂಪಾಯಿ ನಿವ್ವಳ ಲಾಭ ಬಂದಿದೆ ಎಂದು ಲೆಕ್ಕ ಬರೆಯುವವರು ಹೇಳುತ್ತಾರೆ. ಆದರೆ ವರ್ಷದ ಆರಂಭದಲ್ಲಿ 45,000 ರೂಪಾಯಿ ಇದ್ದ ಖಾತೆಯಲ್ಲಿ ಈಗ ಉಳಿದಿರುವುದು 15,000 ಮಾತ್ರ. ಲೆಕ್ಕದಲ್ಲಿ ತಪ್ಪಾಗಿದೆಯೇ? ಎರಡೂ ವರ್ಷಗಳ ಅಢಾವೆ ಪತ್ರಿಕೆಗಳನ್ನು (ವರ್ಷದ ಕೊನೆಯ ದಿನದ ಆಸ್ತಿ-ಸಾಲಗಳ ಪಟ್ಟಿ, ಬ್ಯಾಲೆನ್ಸ್ ಶೀಟ್) ಲಗತ್ತಿಸಿದ್ದೇನೆ.
– ಗೃಹೋದ್ಯಮಿ, ಶಿರಸಿ

ಉತ್ತರ: ಲೆಕ್ಕದಲ್ಲಿ ತಪ್ಪಿಲ್ಲ. ನೀವು ಕಳಿಸಿದ ಎರಡು ಅಢಾವೆ ಪತ್ರಿಕೆಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಪ್ರತಿ ರೂಪಾಯಿಯ ಜಾಡೂ ಸಿಗುತ್ತದೆ. ಲಾಭ-ನಷ್ಟದ ತಖ್ತೆಯು ವರ್ಷದಲ್ಲಿ ನೀವು ಗಳಿಸಿದ್ದನ್ನು ಹೇಳುತ್ತದೆಯೇ ಹೊರತು ಕೈಗೆ ಬಂದದ್ದನ್ನಲ್ಲ. ಡಬ್ಬಿಗಳು ಅಂಗಡಿಗೆ ತಲುಪಿ ಬಿಲ್ಲು ಆದೊಡನೆ ಅದು ಮಾರಾಟವೆಂದು ದಾಖಲಾಗುತ್ತದೆ. ಅಂಗಡಿಯವರು ಮೂರು ತಿಂಗಳು ಬಿಟ್ಟು ಹಣ ಕೊಟ್ಟರೂ ಲಾಭ ಮಾತ್ರ ಬಿಲ್ಲಿನ ದಿನವೇ ಪುಸ್ತಕಕ್ಕೆ ಬಂದಿರುತ್ತದೆ.

ಈಗ ನಿಮ್ಮ ಅಂಕಿಗಳನ್ನೇ ನೋಡೋಣ. ಲಾಭ 2,40,000. ಇದರಲ್ಲಿ ಮಸಾಲೆ ಪುಡಿ ಮಾಡುವ ಹೊಸ ಯಂತ್ರದ ಸವಕಳಿ (ಬಳಕೆಯಿಂದ ತಗ್ಗಿದ ಬೆಲೆ) ಎಂದು ಕಳೆದ 15,000 ರೂಪಾಯಿ ಯಾರಿಗೂ ಕೊಟ್ಟ ಹಣವಲ್ಲವಾದ್ದರಿಂದ ಅದನ್ನು ಮರಳಿ ಕೂಡಿಸಿದರೆ 2,55,000 ಆಗುತ್ತದೆ. ಅಂಗಡಿಗಳಿಂದ ಬರಬೇಕಾದ ಉದ್ರಿ ಬಾಕಿ 60,000ದಿಂದ 1,85,000ಕ್ಕೆ ಏರಿದೆ, ಅಂದರೆ 1,25,000 ರೂಪಾಯಿ ಅಲ್ಲಿ ನಿಂತಿದೆ. ದಾಸ್ತಾನು 70,000ದಿಂದ 1,30,000ಕ್ಕೆ ಹೋಗಿ ಇನ್ನೊಂದು 60,000 ಡ್ರಮ್ಮುಗಳಲ್ಲಿ ಉಪ್ಪು ಹಾಕಿಟ್ಟ ಮಿಡಿಯಾಗಿ ಕುಳಿತಿದೆ. ಬಾಟಲಿ ಪೂರೈಸುವವರಿಗೆ ನೀವು ಕೊಡಬೇಕಾದದ್ದು 40,000ದಷ್ಟು ಹೆಚ್ಚಿರುವುದರಿಂದ ಅಷ್ಟರ ಮಟ್ಟಿಗೆ ನಿಮ್ಮ ಹಣ ಉಳಿದಿದೆ. ಹೀಗೆ ವ್ಯಾಪಾರದಿಂದ ನಿಜವಾಗಿ ಕೈಗೆ ಬಂದದ್ದು 1,10,000. ಅದರಲ್ಲಿ ಯಂತ್ರಕ್ಕೆ 1,00,000 ಹೋಯಿತು, ಮನೆಖರ್ಚಿಗೆಂದು ನೀವು 1,20,000 ತೆಗೆದುಕೊಂಡಿರಿ, ಸೊಸೈಟಿಯಿಂದ 80,000 ಸಾಲ ಬಂತು. ಒಟ್ಟಿನಲ್ಲಿ 30,000 ಕಡಿಮೆಯಾಗಿ 45,000 ಇದ್ದದ್ದು 15,000ಕ್ಕೆ ಇಳಿದಿದೆ.

ಇಲ್ಲಿ ಎರಡು ವಿಷಯಗಳನ್ನು ಗಮನಿಸಬೇಕು. ಮನೆಗೆ ತೆಗೆದುಕೊಂಡ 1,20,000 ವ್ಯಾಪಾರದ ವೆಚ್ಚವಲ್ಲ, ಅದು ಒಡತಿಯ ಹಿಂತೆಗೆತ. ಬಂಡವಾಳದಿಂದ ಕಳೆಯುತ್ತದೆ, ಲಾಭದಿಂದಲ್ಲ. ಹಾಗಾಗಿ 2,40,000 ಎಂಬ ಲಾಭದಲ್ಲಿ ನಿಮ್ಮ ಇಡೀ ವರ್ಷದ ದುಡಿಮೆಯ ಕೂಲಿಯೂ ಸೇರಿಕೊಂಡಿದೆ. ಇದೇ ಕೆಲಸಕ್ಕೆ ಬೇರೊಬ್ಬರನ್ನು ಇಟ್ಟುಕೊಂಡಿದ್ದರೆ ಅವರಿಗೆ ಎಷ್ಟು ಕೊಡಬೇಕಾಗುತ್ತಿತ್ತೆಂದು ಒಮ್ಮೆ ಕಳೆದು ನೋಡಿ. ಗೃಹೋದ್ಯಮಗಳಲ್ಲಿ ಹೆಂಗಸರ ಶ್ರಮ ಲೆಕ್ಕದ ಹೊರಗೇ ಉಳಿಯುವುದು ನನಗೆ ಎಂದೂ ಸರಿಯೆನಿಸಿಲ್ಲ. ಎರಡನೆಯದು, ನಮ್ಮ ಕಡೆ ಮಿಡಿ ಕೊಯ್ಲಿನ ಕಾಲದಲ್ಲಿಯೇ ಮಾರ್ಚ್ 31 ಬರುತ್ತದೆ. ಆ ದಿನ ನಿಮ್ಮ ದಾಸ್ತಾನು ವರ್ಷದಲ್ಲೇ ಹೆಚ್ಚಿನ ಮಟ್ಟದಲ್ಲಿಯೂ ಬ್ಯಾಂಕಿನ ಶಿಲ್ಕು ಕಡಿಮೆ ಮಟ್ಟದಲ್ಲಿಯೂ ಇರುವುದು ಸಹಜ. ಅದಕ್ಕಾಗಿ ಗಾಬರಿ ಬೇಡ.

ಗಾಬರಿಪಡಬೇಕಾದದ್ದು ಉದ್ರಿಯ ಬಗ್ಗೆ. ನೀವು ಸಣ್ಣ ಉದ್ದಿಮೆಗಳಿಗಾಗಿ ಕೇಂದ್ರ ಸರ್ಕಾರ ಮಾಡುವ ಉದ್ಯಮ್ ನೋಂದಣಿ ಮಾಡಿಸಿಕೊಂಡಿದ್ದರೆ, 2006ರ ಸಣ್ಣ ಉದ್ದಿಮೆಗಳ ಕಾಯ್ದೆಯ ಪ್ರಕಾರ ಲಿಖಿತ ಒಪ್ಪಂದವಿದ್ದಾಗಲೂ ಖರೀದಿದಾರರು 45 ದಿನಗಳನ್ನು ಮೀರುವಂತಿಲ್ಲ, ಒಪ್ಪಂದವಿಲ್ಲದಿದ್ದರೆ 15 ದಿನಗಳೊಳಗೆ ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ‘ಬ್ಯಾಂಕ್ ದರ’ದ ಮೂರು ಪಟ್ಟು ಚಕ್ರಬಡ್ಡಿ ಬೀಳುತ್ತದೆ. ಅಂಗಡಿಯವರ ಮೇಲೆ ದೂರು ಕೊಡಿ ಎನ್ನುತ್ತಿಲ್ಲ. ನೋಂದಣಿ ಸಂಖ್ಯೆಯನ್ನೂ ಹಣ ಕೊಡಬೇಕಾದ ಕೊನೆಯ ದಿನಾಂಕವನ್ನೂ ಬಿಲ್ಲಿನಲ್ಲಿಯೇ ಮುದ್ರಿಸಿ, ಬಾಕಿಗಳನ್ನು ಹಳೆಯದು ಮೊದಲು ಎಂಬ ಕ್ರಮದಲ್ಲಿ ಪ್ರತಿ ತಿಂಗಳು ಬರೆದುಕೊಳ್ಳಿ.

ಪ್ರಶ್ನೆ: ತಂದೆಯವರ ಕಿರಾಣಿ ಅಂಗಡಿಯ ಲೆಕ್ಕ ನಾನು ಬರೆಯುತ್ತೇನೆ. ಬ್ಯಾಂಕಿಗೆ ಕಟ್ಟಿದ ಹಣ ಪಾಸ್‌ಬುಕ್ಕಿನಲ್ಲಿ ಕ್ರೆಡಿಟ್ ಎಂದಿರುತ್ತದೆ, ಕಾಲೇಜಿನಲ್ಲಿ ಅದನ್ನೇ ಡೆಬಿಟ್ ಎಂದು ಬರೆಯಲು ಕಲಿಸಿದ್ದಾರೆ. ಯಾವುದು ಸರಿ?
– ಬಿ.ಕಾಂ. ವಿದ್ಯಾರ್ಥಿ, ಅಂಕೋಲಾ

ಉತ್ತರ: ಎರಡೂ ಸರಿ. ಪಾಸ್‌ಬುಕ್ಕು ನಿಮ್ಮ ಕೈಯಲ್ಲಿದ್ದರೂ ಅದು ಬ್ಯಾಂಕಿನ ಖಾತೆವಹಿಯ ನಕಲು. ನೀವು ಕಟ್ಟಿದ ಹಣ ಬ್ಯಾಂಕಿನ ಮಟ್ಟಿಗೆ ನಿಮಗೆ ತೀರಿಸಬೇಕಾದ ಋಣವಾದ್ದರಿಂದ ಅವರ ಪುಸ್ತಕದಲ್ಲಿ ಕ್ರೆಡಿಟ್. ನಿಮ್ಮ ಮಟ್ಟಿಗೆ ಅದು ಆಸ್ತಿಯಾದ್ದರಿಂದ ಡೆಬಿಟ್. ಒಂದೇ ವ್ಯವಹಾರವನ್ನು ಇಬ್ಬರು ತಮ್ಮ ತಮ್ಮ ಬಾಗಿಲಲ್ಲಿ ನಿಂತು ಬರೆದಿದ್ದಾರೆ, ಅಷ್ಟೇ. ಪ್ರತಿ ವ್ಯವಹಾರಕ್ಕೂ ಎರಡು ಬದಿಗಳಿವೆ ಎಂಬ ಈ ಜಮಾ-ಖರ್ಚಿನ ಪದ್ಧತಿಯನ್ನು ಲೂಕಾ ಪಾಚೋಲಿ ಎಂಬ ಗಣಿತಜ್ಞ 1494ರಲ್ಲಿ ವೆನಿಸ್ಸಿನಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ವಿವರಿಸಿದ. ಅದನ್ನು ಆತ ಕಂಡುಹಿಡಿದದ್ದಲ್ಲ, ಅಲ್ಲಿನ ವರ್ತಕರು ಮೊದಲೇ ಬಳಸುತ್ತಿದ್ದುದನ್ನು ಬರೆದಿಟ್ಟ. ತಿಂಗಳಿಗೊಮ್ಮೆ ಎರಡೂ ಪುಸ್ತಕಗಳನ್ನು ತಾಳೆ ನೋಡಿ. ಕೊಟ್ಟರೂ ಇನ್ನೂ ನಗದಾಗದ ಚೆಕ್ಕು, ನಿಮಗೆ ತಿಳಿಯದೆ ಕಳೆದ ಬ್ಯಾಂಕ್ ಶುಲ್ಕ ಆಗಲೇ ಕಣ್ಣಿಗೆ ಬೀಳುತ್ತವೆ.

ಪ್ರಶ್ನೆ: ಮೀನೂಟದ ಸಣ್ಣ ಖಾನಾವಳಿ ನಡೆಸುತ್ತೇನೆ. ಊಟಕ್ಕೆ 150 ರೂಪಾಯಿ. ಮೀನು, ಅಕ್ಕಿ, ಕಾಯಿ, ಗ್ಯಾಸು ಸೇರಿ ಒಂದು ಊಟಕ್ಕೆ 90 ಬೀಳುತ್ತದೆ. ಬಾಡಿಗೆ 15,000, ಸಂಬಳ 36,000, ಇತರೆ 9,000. ಮೀನುಗಾರಿಕೆ ನಿಷೇಧದ ತಿಂಗಳುಗಳಲ್ಲಿ ಊಟದ ವೆಚ್ಚ 110ಕ್ಕೆ ಏರಿ, ಗಿರಾಕಿಗಳು ದಿನಕ್ಕೆ 30ಕ್ಕೆ ಇಳಿಯುತ್ತಾರೆ. ಆಗ ಬಾಗಿಲು ಹಾಕುವುದೇ ಲೇಸಲ್ಲವೇ?
– ಖಾನಾವಳಿ ಮಾಲೀಕರು, ಕಾರವಾರ

ಉತ್ತರ: ನಿಮ್ಮ ವೆಚ್ಚಗಳು ಎರಡು ಜಾತಿಯವು. ಊಟದ ಜೊತೆ ಏರಿಳಿಯುವ 90 ರೂಪಾಯಿ ಒಂದು. ಗಿರಾಕಿ ಬರಲಿ ಬಿಡಲಿ, ತಿಂಗಳಿಗೆ ತೆರಲೇಬೇಕಾದ 60,000 ಇನ್ನೊಂದು. ಸಾಮಾನ್ಯ ದಿನಗಳಲ್ಲಿ ಪ್ರತಿ ಊಟವೂ 60 ರೂಪಾಯಿಯನ್ನು ಆ ಸ್ಥಿರ ವೆಚ್ಚದ ಕಡೆಗೆ ಬಿಟ್ಟುಕೊಡುವುದರಿಂದ 1,000 ಊಟಗಳಿಗೆ ಲಾಭವೂ ಇಲ್ಲದ ನಷ್ಟವೂ ಇಲ್ಲದ ಸಮತೋಲನ ಬಿಂದು ಸಿಗುತ್ತದೆ. ತಿಂಗಳಿಗೆ 26 ದಿನ ತೆರೆದರೆ ದಿನಕ್ಕೆ 39 ಊಟ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ನಿಷೇಧದಲ್ಲಿ ಊಟಕ್ಕೆ ಉಳಿಯುವುದು 40 ಮಾತ್ರ, ಆದ್ದರಿಂದ ಬೇಕಾಗುವುದು 1,500 ಊಟ. ನಿಮಗೆ ಸಿಗುವುದು 780. ಅದರಿಂದ ಬರುವ 31,200ನ್ನು 60,000ದಿಂದ ಕಳೆದರೆ ತಿಂಗಳ ನಷ್ಟ 28,800.

ಇಲ್ಲಿಗೇ ನಿಲ್ಲಿಸಿ ಬಾಗಿಲು ಹಾಕುವವರು ತುಂಬ ಜನ. ಬಾಗಿಲು ಹಾಕಿದರೂ ಹೋಗುವುದೆಷ್ಟು ಎಂದು ಕೇಳಿಕೊಳ್ಳಬೇಕು. ಬಾಡಿಗೆ 15,000 ತಪ್ಪದು. ಅಡುಗೆಯವರು ಬೇರೆ ಕಡೆ ಹೋಗದಂತೆ ತಿಂಗಳಿಗೆ 12,000 ಕೊಡುವಿರೆಂದೂ ವಿದ್ಯುತ್ತಿನ ಕನಿಷ್ಠ ಶುಲ್ಕ ಇತ್ಯಾದಿಗೆ 2,000 ಎಂದೂ ಹಿಡಿದರೆ ಮುಚ್ಚಿದ ಖಾನಾವಳಿಯ ನಷ್ಟ 29,000. ವ್ಯತ್ಯಾಸ 200 ರೂಪಾಯಿ! ಅಂಕಿಗಳು ಇಲ್ಲಿ ತೀರ್ಪು ಕೊಡುವುದಿಲ್ಲ. ಮಳೆಯಲ್ಲೂ ಬರುವ ಆ ಮೂವತ್ತು ಜನ ಆಗಸ್ಟಿನಲ್ಲಿ ಮರಳಿ ಬರುವರೇ ಎಂಬುದನ್ನು ನನಗಿಂತ ನೀವು ಚೆನ್ನಾಗಿ ಬಲ್ಲಿರಿ. ನಾನಾದರೆ ತೆರೆದಿಡುತ್ತಿದ್ದೆ, ಒಣಮೀನಿನ ಚಟ್ನಿ, ನಾಡದೋಣಿಯವರು ತರುವ ಮೀನು ಎಂದು ಊಟದ ಪಟ್ಟಿ ಬದಲಿಸಿ 110ನ್ನು 100ಕ್ಕೆ ಇಳಿಸಲು ನೋಡುತ್ತಿದ್ದೆ. ಅಷ್ಟರಿಂದಲೇ ನಷ್ಟ 21,000ಕ್ಕೆ ಬರುತ್ತದೆ. ಹೇಗೂ ಈ ಎರಡು ತಿಂಗಳ ನಷ್ಟದಷ್ಟು ಹಣವನ್ನು ಅಕ್ಟೋಬರಿನಿಂದ ಮೇವರೆಗಿನ ಗಳಿಕೆಯಿಂದ ಬೇರೆ ಖಾತೆಗೆ ಎತ್ತಿಡಿ.

ಪ್ರಶ್ನೆ: ಕ್ವಿಂಟಲಿಗೆ 40,000ದಂತೆ ಖರೀದಿಸಿದ 10 ಕ್ವಿಂಟಲ್ ಚಾಲಿ ಅಡಿಕೆ ಮಾರದೆ ಉಳಿದಿದೆ. ಈಗ ದರ 46,000. ಸಾಲ ಬೇಗ ಸಿಗಲೆಂದು 60,000 ರೂಪಾಯಿ ಲಾಭ ತೋರಿಸಬಹುದೇ?
– ಅಡಿಕೆ ವ್ಯಾಪಾರಿ, ಸಿದ್ದಾಪುರ

ಉತ್ತರ: ಬರುವುದಿಲ್ಲ. ದಾಸ್ತಾನನ್ನು ಕೊಂಡ ಬೆಲೆ ಅಥವಾ ಮಾರಿದರೆ ನಿವ್ವಳವಾಗಿ ಸಿಗುವ ಬೆಲೆ, ಇವೆರಡರಲ್ಲಿ ಕಡಿಮೆ ಯಾವುದೋ ಅದರಲ್ಲಿಯೇ ತೋರಿಸಬೇಕು. ಹಾಗಾಗಿ ನಿಮ್ಮದು 4,00,000. ದರ 37,000ಕ್ಕೆ ಕುಸಿದಿದ್ದರೆ ಒಂದು ಅಡಿಕೆಯನ್ನೂ ಮಾರದಿದ್ದಾಗಲೂ 30,000 ನಷ್ಟವನ್ನು ಈ ವರ್ಷವೇ ಬರೆಯಬೇಕಾಗುತ್ತಿತ್ತು. ಈ ನಿಯಮ ಏಕಪಕ್ಷೀಯವಾಗಿ ಕಂಡರೂ, ಕೈಗೆ ಬಾರದ ಲಾಭವನ್ನು ನಂಬಿ ಯಾರೂ ಖರ್ಚು ಮಾಡಬಾರದು, ಸಾಲ ಕೊಡಲೂಬಾರದು ಎಂಬ ಎಚ್ಚರಿಕೆಯಿಂದ ಹುಟ್ಟಿದ್ದು. ಜೊತೆಗೆ, ವಖಾರಿಯಲ್ಲಿ ಕುಳಿತ ಅಡಿಕೆ ಒಣಗುತ್ತ ತೂಕ ಕಳೆದುಕೊಳ್ಳುವುದು ನಿಮಗೆ ಹೊಸದಲ್ಲ. ಮಾರ್ಚ್ 31ರಂದು ಖರೀದಿ ಚೀಟಿಯ ತೂಕವನ್ನು ನಕಲು ಮಾಡದೆ ಚೀಲಗಳನ್ನು ಮತ್ತೆ ತಕ್ಕಡಿಗೆ ಹಾಕಿಸಿ ಬರೆಯಿರಿ.