ಸಾಕಿದ ಬಿಳಿ ಇಲಿ ಮರಿ ಹಾಕಿದೆ, ಈಗ ಏನು ಮಾಡಬೇಕು?

ಮೊದಲು ಗಂಡಿಲಿಯನ್ನು ಬೇರೆ ಪಂಜರಕ್ಕೆ ಹಾಕಿ. ಹೆತ್ತ 24 ಗಂಟೆಯೊಳಗೇ ತಾಯಿ ಮತ್ತೆ ಗಬ್ಬವಾಗಬಹುದು. ಹಾಲೂಡಿಸುತ್ತಲೇ ಇನ್ನೊಂದು ಬಸಿರು ಅಂದ್ರೆ ಪಾಪ, ಅದು ಸೋತುಹೋಗುತ್ತದೆ.

ಆಮೇಲೆ ಸುಮ್ನೆ ಬಿಟ್ಟುಬಿಡಿ. ಮೊದಲ ವಾರ ಗೂಡು ಕೆದಕಬೇಡಿ, ಪಂಜರ ತೊಳೆಯಬೇಡಿ. ಗಾಬರಿಯಾದರೆ ತಾಯಿ ಮರಿಗಳನ್ನೇ ತಿಂದುಬಿಡಬಹುದು. ವಾಸನೆಯಿಲ್ಲದ ಟಿಶ್ಯೂ ಪೇಪರ್ ಹರಿದು ಹಾಕಿ, ಗೂಡನ್ನು ಅದೇ ಕಟ್ಟಿಕೊಳ್ಳುತ್ತದೆ. ನೀರು ಯಾವಾಗಲೂ ಇರಲಿ. ದಿನದ ಆಹಾರದ ಜೊತೆ ಚೂರು ಬೇಯಿಸಿದ ಮೊಟ್ಟೆ ಕೊಡಿ.

ತಾಯಿ ಗೂಡಿನಿಂದ ಹೊರಬಂದಾಗ ಮುಟ್ಟದೆ ಇಣುಕಿ ನೋಡಿ. ಮರಿಯ ತೆಳು ಗುಲಾಬಿ ಚರ್ಮದಡಿ, ಹೊಟ್ಟೆಯ ಹತ್ತಿರ ಬಿಳಿ ಪಟ್ಟಿ ಕಂಡರೆ ಹಾಲು ಕುಡಿದಿದೆ ಅಂತಲೇ ಅರ್ಥ. ಸುಮಾರು 14ನೇ ದಿನ ಕಣ್ಣು ಬಿಡುತ್ತವೆ, 3 ವಾರಕ್ಕೆ ಹಾಲು ಬಿಡುತ್ತವೆ. 4 ವಾರ ತುಂಬುವಷ್ಟರಲ್ಲಿ ಗಂಡುಮರಿಗಳನ್ನು ಬೇರೆ ಮಾಡಿ.